ಮಲೆನಾಡಿನ ನಕ್ಸಲ್ ಎನ್‌ಕೌಂಟರ್‌ಗಳು

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿಗಳಿಂದ ಚಿಕ್ಕಮಗಳೂರು, ಉಡುಪಿಯವರೆಗೆ ಹಬ್ಬಿದ ಪಶ್ಚಿಮಘಟ್ಟದಲ್ಲಿ ಶಸ್ತ್ರಧಾರಿ ನಕ್ಸಲರ ಮೇಲೆ ಪೊಲೀಸರು ನಡೆಸಿದ ಗುಂಡಿನ ದಾಳಿಗಳು. ಹೆಚ್ಚಿನವು ನಡೆದದ್ದು ಈ ಭಾಗದ ದಕ್ಷಿಣದಲ್ಲಿ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಭಾಗ ಶೋಧ ಕಾರ್ಯಾಚರಣೆಯ ನೆಲೆಯಾಗಿತ್ತು.

ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ 2003ರ ನವೆಂಬರ್‌ನಲ್ಲಿ ನಕ್ಸಲರಾದ ಪಾರ್ವತಿ, ಹಾಜಿಮಾ ಹತರಾದರು. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಮೆಣಸಿನಹಾಡ್ಯದ ಬಳಿ ನಕ್ಸಲ್ ನಾಯಕ ಸಾಕೇತ್ ರಾಜನ್ ಸತ್ತರು. ಕಾಡಿನಲ್ಲಿ ‘ಪ್ರೇಮ್’ ಎನಿಸಿಕೊಂಡಿದ್ದ ಇವರು, ‘ಸಾಕಿ’ ಎಂಬ ಹೆಸರಿನಲ್ಲಿ ಕರ್ನಾಟಕದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದವರು. ನಾಲ್ಕೇ ದಿನಗಳಲ್ಲಿ ತುಮಕೂರು ಜಿಲ್ಲೆ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಪೊಲೀಸ್ ಶಿಬಿರದ ಮೇಲೆರಗಿ ಹಲವು ಪೊಲೀಸರನ್ನು ಕೊಂದರು.

2024ರ ನವೆಂಬರ್ 18ರಂದು ಹೆಬ್ರಿಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಹತರಾದರು. ಅವರು ಗುಂಡು ಹಾರಿಸಿದ್ದರಿಂದ ಪ್ರತಿದಾಳಿ ಅನಿವಾರ್ಯವಾಯಿತೆಂದರು ಪೊಲೀಸರು. ಹಕ್ಕುಗಳ ಹೋರಾಟಗಾರರು ನ್ಯಾಯಾಂಗ ತನಿಖೆ ಕೇಳಿದರು. ಘಟ್ಟದ ಎನ್‌ಕೌಂಟರ್‌ಗಳಿಗೆ ಹೊರಗಿನ ಸಾಕ್ಷಿ ಅಪರೂಪ, ಹಾಗಾಗಿ ಈ ಜಗಳ ಬಗೆಹರಿಯುವುದೂ ಅಪರೂಪ.

ಕಾನೂನು ಎನ್‌ಕೌಂಟರ್ ಎಂಬ ಪ್ರತ್ಯೇಕ ಅಧಿಕಾರವನ್ನು ಯಾರಿಗೂ ಕೊಟ್ಟಿಲ್ಲ. ಪೊಲೀಸರಿಗಿರುವುದು ಆತ್ಮರಕ್ಷಣೆಯ ಹಕ್ಕು ಮತ್ತು ಬಂಧನಕ್ಕೆ ಬೇಕಾದಷ್ಟು ಬಲಪ್ರಯೋಗ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧದ ಆರೋಪವಿಲ್ಲದವರನ್ನು ಬಂಧನದ ನೆಪದಲ್ಲಿ ಕೊಲ್ಲುವಂತಿಲ್ಲ. ಸಾವಾದರೆ ಎಫ್‌ಐಆರ್, ಸಿಐಡಿ ಅಥವಾ ಬೇರೆ ಠಾಣೆಯ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಘಟನೆಯ ಬೆನ್ನಿಗೇ ಶೌರ್ಯ ಪ್ರಶಸ್ತಿ ಕೊಡುವುದನ್ನೂ ತಡೆದಿದೆ.

2025ರ ಜನವರಿ 8ರಂದು ಆರು ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೆದುರು ಶರಣಾದರು. ಅವರ ಬಂದೂಕುಗಳು ಪೊಲೀಸರಿಗೆ ಸಿಕ್ಕಿದ್ದು ಆಮೇಲೆ, ಕೊಪ್ಪದ ಕಾಡಿನಲ್ಲಿ.