ಸರೀಸೃಪಗಳ ರೋಗನಿರೋಧಕ ವಂಶವಾಹಿಗಳು: ಉಳಿದವು, ಅಳಿದವು

ಹಲ್ಲಿ, ಓತಿಕ್ಯಾತ, ಹಾವು, ಆಮೆ, ಮೊಸಳೆ ಮತ್ತು ನ್ಯೂಜಿಲೆಂಡಿನ ಟುವಾಟಾರಾ ಇಂದು ಜೀವಿಸಿರುವ ಸರೀಸೃಪಗಳು. ಇವುಗಳ ಪೂರ್ವಜರೂ ಸಸ್ತನಿಗಳ ಪೂರ್ವಜರೂ ಸುಮಾರು 32 ಕೋಟಿ ವರ್ಷಗಳ ಹಿಂದೆ ಬೇರೆ ಬೇರೆ ದಾರಿ ಹಿಡಿದವು. ಈ ದೀರ್ಘಾವಧಿಯಲ್ಲಿ ದೇಹವನ್ನು ರೋಗಾಣುಗಳಿಂದ ಕಾಯುವ ವಂಶವಾಹಿಗಳು ಏನಾದವು ಎಂಬುದನ್ನು ಮಕ್ಕಳೂ ಪೋಷಕರೂ ಕೂಡಿ ಓದಲೆಂದು ಇಲ್ಲಿ ಸಂಗ್ರಹಿಸಿದ್ದೇವೆ.

ಪ್ರೋಟೀನು ತಯಾರಿಸಲು ಡಿಎನ್‌ಎಯಲ್ಲಿ ಅಡಗಿರುವ ಸೂಚನೆಯೇ ವಂಶವಾಹಿ. ಡಿಎನ್‌ಎ ಪ್ರತಿಯಾಗುವಾಗ ಈ ಸೂಚನೆ ತುಸು ಬದಲಾಗಬಹುದು, ಇಮ್ಮಡಿಯಾಗಬಹುದು, ಇಲ್ಲವೇ ಅಳಿದುಹೋಗಬಹುದು. ರೋಗಾಣುಗಳೂ ಬದಲಾಗುತ್ತಲೇ ಇರುವುದರಿಂದ ರೋಗನಿರೋಧಕ ವಂಶವಾಹಿಗಳ ಮೇಲೆ ನಿಸರ್ಗದ ಆಯ್ಕೆಯ ಒತ್ತಡ ಬಲವಾಗಿರುತ್ತದೆ.

ಉಳಿದುಬಂದವು

ಟಿಎಲ್‌ಆರ್5 ಎಂಬ ಗ್ರಾಹಕವು ಬ್ಯಾಕ್ಟೀರಿಯಾಗಳು ಈಜಲು ಬಳಸುವ ಕಶಾಂಗದ ಪ್ರೋಟೀನನ್ನು ಗುರುತಿಸುತ್ತದೆ. ಮನುಷ್ಯನಲ್ಲಿ ಅದು ಮಾಡುವ ಈ ಕೆಲಸವನ್ನೇ ಅಮೆರಿಕದ ಹಸಿರು ಅನೋಲ್ ಹಲ್ಲಿಯಲ್ಲಿಯೂ ಮಾಡುತ್ತದೆ. ಟಿಎಲ್‌ಆರ್15 ಎಂಬ ಇನ್ನೊಂದು ಗ್ರಾಹಕವಾದರೋ ಪಕ್ಷಿಗಳಲ್ಲಿಯೂ ಸರೀಸೃಪಗಳಲ್ಲಿಯೂ ಇದೆ; ಸಸ್ತನಿಗಳಲ್ಲಿ ಇಲ್ಲ. ಪಕ್ಷಿಗಳು ಮೊಸಳೆಗಳ ಹತ್ತಿರದ ಬಂಧುಗಳೆಂಬುದನ್ನು ನೆನೆದರೆ ಇದರಲ್ಲಿ ಅಚ್ಚರಿಯಿಲ್ಲ.

ಅಳಿದುಹೋದವು

ಟಿ ಕೋಶಗಳು ರೋಗಾಣುಗಳನ್ನು ಗುರುತಿಸುವ ಬಿಳಿ ರಕ್ತಕಣಗಳು. ಅವುಗಳಲ್ಲಿ ಆಲ್ಫಾ-ಬೀಟಾ, ಗಾಮಾ-ಡೆಲ್ಟಾ ಎಂದು ಎರಡು ಬಗೆ. ದವಡೆಯುಳ್ಳ ಕಶೇರುಕಗಳೆಲ್ಲದರಲ್ಲಿಯೂ ಇವೆರಡೂ ಇರುತ್ತವೆ ಎಂದೇ ಬಹುಕಾಲ ನಂಬಲಾಗಿತ್ತು. ಆಸ್ಟ್ರೇಲಿಯಾದ ಶಿಂಗಲ್‌ಬ್ಯಾಕ್ ಎಂಬ ಮೊಂಡು ಬಾಲದ ಹಲ್ಲಿಯನ್ನು ಮುಂದಿಟ್ಟುಕೊಂಡು ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವು ಈ ನಂಬಿಕೆಯನ್ನು ತಿದ್ದಿತು. ಹಲ್ಲಿ ಮತ್ತು ಹಾವುಗಳ ಗುಂಪಿನಲ್ಲಿ ಗಾಮಾ-ಡೆಲ್ಟಾ ಗ್ರಾಹಕದ ವಂಶವಾಹಿಗಳೇ ಇಲ್ಲ. ಆಮೆ, ಮೊಸಳೆ, ಟುವಾಟಾರಾಗಳಲ್ಲಿ ಅವು ಉಳಿದಿವೆ. ಟುವಾಟಾರಾ ಈ ಗುಂಪಿನ ಅತಿ ಸಮೀಪದ ಬಂಧುವಾದ್ದರಿಂದ, ಅವೆರಡರ ದಾರಿಗಳು ಸುಮಾರು 25 ಕೋಟಿ ವರ್ಷಗಳ ಹಿಂದೆ ಅಗಲಿದ ಬಳಿಕವೇ ಈ ನಷ್ಟ ಸಂಭವಿಸಿರಬೇಕು.

ನಮ್ಮ ಮನೆಯ ಗೋಡೆಯ ಹಲ್ಲಿಯೂ ಇದೇ ಗುಂಪಿನದು. ಇಷ್ಟು ಮುಖ್ಯವಾದ ಕೋಶವನ್ನು ಕಳೆದುಕೊಂಡರೂ ಈ ಗುಂಪು ಸೊರಗಲಿಲ್ಲ. ಇಂದು ಅದರಲ್ಲಿ 11,000ಕ್ಕೂ ಹೆಚ್ಚು ಪ್ರಭೇದಗಳಿವೆ. ಜೀವವಿಕಾಸವೆಂದರೆ ಮೇಲಕ್ಕೇರುವ ಏಣಿ, ಕಳೆದುಕೊಂಡದ್ದೆಲ್ಲ ಕೊರತೆ ಎಂದು ತಿಳಿಯುವುದು ಸರಿಯಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ವೈವಿಧ್ಯವೇ ರಕ್ಷೆ

ಹಾಗೆಂದು ಎಲ್ಲ ನಷ್ಟವೂ ನಿರಪಾಯಕಾರಿಯಲ್ಲ. ಎಂಎಚ್‌ಸಿ ವಂಶವಾಹಿಗಳು ರೋಗಾಣುವಿನ ತುಣುಕನ್ನು ಜೀವಕೋಶದ ಹೊರಮೈಯಲ್ಲಿ ಎತ್ತಿ ತೋರಿಸುವ ಪ್ರೋಟೀನುಗಳನ್ನು ರೂಪಿಸುತ್ತವೆ. ಅದನ್ನು ಕಂಡೇ ಟಿ ಕೋಶಗಳು ಎಚ್ಚರಗೊಳ್ಳುತ್ತವೆ. ಒಂದು ಜೀವಿಸಮೂಹದಲ್ಲಿ ಈ ವಂಶವಾಹಿಗಳ ರೂಪಭೇದಗಳು ಹೆಚ್ಚಿದ್ದಷ್ಟೂ ಹೊಸ ರೋಗ ಬಂದಾಗ ಕೆಲವಾದರೂ ಬದುಕುಳಿಯುವ ಸಂಭವ ಹೆಚ್ಚು. ನ್ಯೂಜಿಲೆಂಡಿನ ನಾರ್ತ್ ಬ್ರದರ್ ದ್ವೀಪದ ವಿಸ್ತಾರ ಸುಮಾರು 4 ಹೆಕ್ಟೇರು ಮಾತ್ರ. ಅಲ್ಲಿನ ಟುವಾಟಾರಾಗಳಲ್ಲಿ, ಸಂಖ್ಯೆ ಅಧಿಕವಾಗಿರುವ ಸ್ಟೀಫನ್ಸ್ ದ್ವೀಪದವುಗಳಿಗಿಂತ, ಈ ಭೇದಗಳು ತೀರ ಕಡಿಮೆ. ಹೊಸ ಸೋಂಕೊಂದು ಆ ದ್ವೀಪವನ್ನು ಹೊಕ್ಕರೆ ಇಡೀ ಸಮೂಹವೇ ಅಪಾಯಕ್ಕೆ ಸಿಲುಕಬಹುದು.

ಟುವಾಟಾರಾದ ಪೂರ್ಣ ಜೀನೋಮ್ 2020ರಲ್ಲಿ ಪ್ರಕಟವಾಯಿತು. ಆ ಕಾರ್ಯ ನಡೆದದ್ದು ಈ ಪ್ರಾಣಿಯ ಪಾಲಕರೆನಿಸಿದ ಙಾತಿವೈ ಎಂಬ ಮಾವೋರಿ ಸಮುದಾಯದ ಸಹಭಾಗಿತ್ವದಲ್ಲಿ. ಕೋಟ್ಯಂತರ ವರ್ಷ ಉಳಿದುಬಂದ ವಂಶವಾಹಿಗಳು ಮುಂದೆಯೂ ಉಳಿಯಬೇಕಾದರೆ ಅವನ್ನು ಹೊತ್ತ ಪ್ರಾಣಿಗಳು ಸಾಕಷ್ಟು ಸಂಖ್ಯೆಯಲ್ಲಿ ಉಳಿಯಬೇಕು.