ಕೋಟೆ ಸೀಳಿದ ರೈಲು ಹಾದಿ

ಕೆರಗೋಡಿನಿಂದ ಮಂಡ್ಯಕ್ಕೆ ಬಸ್ಸಿನಲ್ಲಿ ಬಂದು, ಅಲ್ಲಿಂದ ರೈಲು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗುವುದು ನನ್ನ ಹಳೆಯ ಅಭ್ಯಾಸ. ಪಾಂಡವಪುರ ನಿಲ್ದಾಣ ದಾಟಿದ ಮೇಲೆ ಸೇತುವೆಯ ಸದ್ದು ಕೇಳಿಸುತ್ತದೆ. ಕೆಳಗೆ ಕಾವೇರಿಯ ಉತ್ತರದ ಕವಲು. ಆಚೆಗೆ ದ್ವೀಪ, ಕೋಟೆ. ಹಳಿಯು ಕೋಟೆಯ ಗೋಡೆಯನ್ನು ಸೀಳಿಕೊಂಡೇ ಒಳಹೊಗುತ್ತದೆ.

ಅಧ್ಯಾಪಕನಾಗಿದ್ದಾಗ ಮಕ್ಕಳನ್ನು ಇಲ್ಲಿಗೆ ಕರೆತಂದು, 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದ ವೃತ್ತಾಂತವನ್ನು ಹೇಳುತ್ತಿದ್ದೆ. ಒಮ್ಮೆ ಹುಡುಗಿಯೊಬ್ಬಳು, "ಸಾರ್, ರೈಲಿಗೋಸ್ಕರ ಗೋಡೆ ಒಡೆದವರು ಯಾರು?" ಎಂದು ಕೇಳಿದಳು. "ಇಂಗ್ಲಿಷರು" ಎಂದುಬಿಟ್ಟೆ. ಆ ಉತ್ತರ ಅರ್ಧ ಮಾತ್ರ ಸರಿಯೆಂದು ಅನಂತರದ ಓದಿನಿಂದ ತಿಳಿಯಿತು. ಬೆಂಗಳೂರು–ಮೈಸೂರು ರೈಲು ಮಾರ್ಗದ ಕೆಲಸ ತೊಡಗಿದ್ದು 1876–78ರ ಧಾತು-ಈಶ್ವರ ಬರದ ದಿನಗಳಲ್ಲಿ, ಹಸಿದವರಿಗೆ ಕೂಲಿ ಒದಗಿಸುವ ಕಾಮಗಾರಿಯಾಗಿ. ಅಪ್ಪಣೆ ಆಳುವವರದು, ಮಣ್ಣು ಹೊತ್ತವರು ನಮ್ಮ ಸೀಮೆಯ ಬಡವರು. 1882ರಲ್ಲಿ ರೈಲು ಮೈಸೂರನ್ನು ಮುಟ್ಟಿತು.

ಜೋಡಿ ಹಳಿ ಹಾಕುವಾಗ ನಿಲ್ದಾಣದ ಬಳಿಯಿದ್ದ ಟಿಪ್ಪುವಿನ ಕಾಲದ ಮದ್ದಿನ ಮನೆ ಅಡ್ಡವಾಯಿತು. ಈ ಸಲ ಕೆಡವಲಿಲ್ಲ. 2017ರಲ್ಲಿ ಸುಮಾರು 1000 ಟನ್ ತೂಕದ ಆ ಕಟ್ಟಡವನ್ನು ಬುಡಸಮೇತ ಎತ್ತಿ, ನೂರು ಮೀಟರಿನಷ್ಟು ಆಚೆಗೆ ಸರಿಸಿದರು. ನೋಡಿ ಸಂತೋಷಪಟ್ಟೆ.

ಆದರೂ ಒಂದು ಕೊರಗು. ಕಲ್ಲು-ಇಟ್ಟಿಗೆಗಳಿಗೆ ಸಂದ ಮರ್ಯಾದೆ ಆ ಹಸಿದ ಕೈಗಳಿಗೆ ಸಲ್ಲಲಿಲ್ಲ. ನಾನು ಓದಿದ ಯಾವ ಫಲಕದಲ್ಲಿಯೂ ಅವರ ಪ್ರಸ್ತಾಪವಿಲ್ಲ. ಆ ಹುಡುಗಿ ಇಂದು ಎದುರಾದರೆ, ಅಂದು ಬಿಟ್ಟ ಅರ್ಧ ಉತ್ತರವನ್ನು ಮೊದಲು ಹೇಳುವೆ.