ಸೋಸಿದಾಗ ಕಳೆದುಹೋದ ಸಿಗ್ಮಾ

1984ರಲ್ಲಿ ನಾನು ಹೌಸ್ ಸರ್ಜನ್ ಆಗಿದ್ದಾಗ ಕ್ಷಯರೋಗಿಗಳಿಗೆ ರಿಫಾಂಪಿಸಿನ್ ಬರೆದುಕೊಟ್ಟರೆ ಮರುದಿನವೇ ಒಬ್ಬರಲ್ಲ ಒಬ್ಬರು ಗಾಬರಿಯಿಂದ ಬರುತ್ತಿದ್ದರು. "ಡಾಕ್ಟ್ರೇ, ಮೂತ್ರ ಕೆಂಪಗೆ ಹೋಗ್ತಾ ಇದೆ!" ಅದು ರಕ್ತವಲ್ಲ, ಔಷಧದ ಬಣ್ಣ ಎಂದು ಸಮಾಧಾನ ಹೇಳಿ ಕಳಿಸುತ್ತಿದ್ದೆ. ಆ ಔಷಧ ಬ್ಯಾಕ್ಟೀರಿಯಾದ ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವವನ್ನು ತಡೆಯುತ್ತದೆ ಎಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಆ ಕಿಣ್ವದ ಕಥೆ ಓದಿದ್ದು ಮಾತ್ರ ನಿವೃತ್ತಿಯಾದ ಮೇಲೆ.

ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯನ್ನು ನೆನಪಿಸಿಕೊಳ್ಳಿ. ಮೂಲ ದಾಖಲೆ ಕಪಾಟಿನಿಂದ ಹೊರಗೆ ಹೋಗುವುದಿಲ್ಲ, ನಕಲು ಮಾತ್ರ ಸಿಗುತ್ತದೆ. ಜೀವಕೋಶದಲ್ಲಿ ಡಿಎನ್‌ಎ ಮೂಲ ದಾಖಲೆ, ಆರ್‌ಎನ್‌ಎ ಅದರ ನಕಲು, ಪಾಲಿಮರೇಸ್ ನಕಲು ತೆಗೆಯುವ ಗುಮಾಸ್ತ. ನಮ್ಮ ಕರುಳಿನ ಇ. ಕೋಲೈ ಬ್ಯಾಕ್ಟೀರಿಯಾದಲ್ಲೇ 4,000ಕ್ಕೂ ಹೆಚ್ಚು ಜೀನ್‌ಗಳಿವೆ. ಬೇಡದ ಜೀನಿಗೆ ಬೀಗ ಹಾಕುವ ಅಣು ಇರಬೇಕೆಂದು ಪ್ಯಾರಿಸ್ಸಿನ ಜಾಕೋಬ್ ಮತ್ತು ಮೊನೊ 1961ರಲ್ಲೇ ವಾದಿಸಿದ್ದರು. ಆದರೆ ಯಾವ ಸಾಲಿನಿಂದ ನಕಲು ಶುರು ಮಾಡಬೇಕೆಂದು ಗುಮಾಸ್ತನಿಗೆ ತೋರಿಸುವವರು ಯಾರು?

ಉತ್ತರ ಸಿಕ್ಕಿದ್ದು ಒಂದು ಎಡವಟ್ಟಿನಿಂದ. ಹಾರ್ವರ್ಡಿನಲ್ಲಿ ಜೇಮ್ಸ್ ವಾಟ್ಸನ್ ಅವರ ಪ್ರಯೋಗಾಲಯದಲ್ಲಿ ರಿಚರ್ಡ್ ಬರ್ಜೆಸ್ ಎಂಬ ಸಂಶೋಧನಾ ವಿದ್ಯಾರ್ಥಿ ಈ ಕಿಣ್ವವನ್ನು ಶುದ್ಧೀಕರಿಸುತ್ತಿದ್ದ. ಫಾಸ್ಫೋಸೆಲ್ಯುಲೋಸ್ ತುಂಬಿದ ಕೊಳವೆಯಲ್ಲಿ ಸೋಸಿದಾಗ ಕಿಣ್ವ ಇನ್ನಷ್ಟು ಶುದ್ಧವಾಯಿತು, ಆದರೆ ಟಿ4 ವೈರಸ್ಸಿನ ಡಿಎನ್‌ಎಯನ್ನು ನಕಲು ಮಾಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟಿತು. ಕಿಣ್ವ ಕೆಟ್ಟಿತೆಂದು ಚೆಲ್ಲಿಬಿಡಬಹುದಿತ್ತು. ವಿಚಿತ್ರವೆಂದರೆ, ಕರುವಿನ ಥೈಮಸ್ ಗ್ರಂಥಿಯ ಡಿಎನ್‌ಎ ಕೊಟ್ಟರೆ ಅದೇ ಕಿಣ್ವ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆ ಡಿಎನ್‌ಎ ಅಲ್ಲಲ್ಲಿ ತುಂಡಾಗಿರುತ್ತದೆ, ಕಿಣ್ವ ಸಿಕ್ಕಿದ ಕಡೆ ಹಿಡಿದು ಶುರು ಮಾಡಿಬಿಡುತ್ತದೆ. ಅಂದರೆ ಗುಮಾಸ್ತನ ಕೈ ನೆಟ್ಟಗಿತ್ತು, ಕಣ್ಣು ಹೋಗಿತ್ತು. ಕೊಳವೆಯಿಂದ ಬೇರೆಯಾಗಿ ಬಂದಿದ್ದ ದ್ರವದಲ್ಲಿ ಆ ಕಣ್ಣು ಇತ್ತು. ಅದನ್ನು ಮತ್ತೆ ಬೆರೆಸಿದರೆ ಟಿ4 ನಕಲು ಪುನಃ ಶುರು! ಆ ಪ್ರೋಟೀನಿಗೆ ಸಿಗ್ಮಾ ಎಂದು ಹೆಸರಿಟ್ಟರು. ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಡನ್ ಮತ್ತು ಬೌಟ್ಸ್ ಕೂಡ ಇದನ್ನೇ ಕಂಡಿದ್ದರು. ಯಾರು ಮೊದಲು ಎಂದು ಜಗಳವಾಡದೆ, ಹಾರ್ವರ್ಡಿನ ಟ್ರ್ಯಾವರ್ಸ್ ಸೇರಿ ನಾಲ್ವರೂ ಒಟ್ಟಿಗೆ 1969ರ ಜನವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ವಿಜ್ಞಾನದಲ್ಲಿ ಇಷ್ಟು ಸೌಜನ್ಯ ಅಪರೂಪ.

ಎಂಥ ವರ್ಷ ಅದು! ನಕಲನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುವ ರೋ ಪ್ರೋಟೀನನ್ನು ಜೆಫ್ರಿ ರಾಬರ್ಟ್ಸ್ ಕಂಡುಹಿಡಿದರು. ಪ್ರಾಣಿಕೋಶಗಳಲ್ಲಿ ಒಂದಕ್ಕಿಂತ ಹೆಚ್ಚು ಪಾಲಿಮರೇಸ್‌ಗಳಿವೆ ಎಂದು ರೋಡರ್ ಮತ್ತು ರಟ್ಟರ್ ತೋರಿಸಿದರು. ಹಸಿದ ಬ್ಯಾಕ್ಟೀರಿಯಾದಲ್ಲಿ ನಕಲಿನ ಕೆಲಸಕ್ಕೆ ಕಡಿವಾಣ ಹಾಕುವ 'ಮಾಯಾಚುಕ್ಕೆ' ಅಣುವನ್ನು ಕ್ಯಾಶೆಲ್ ಮತ್ತು ಗ್ಯಾಲಂಟ್ ವರದಿ ಮಾಡಿದ್ದೂ ಆಗಲೇ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀಪಂಕರ್ ಚಟರ್ಜಿ ಅವರ ತಂಡ ಈ ಅಣುವನ್ನೂ, ಪಾಲಿಮರೇಸಿನ ಪುಟ್ಟ ಭಾಗವಾದ ಒಮೆಗಾವನ್ನೂ ವರ್ಷಗಟ್ಟಲೆ ಅಧ್ಯಯನ ಮಾಡಿತು.

ಸಿಗ್ಮಾ ಒಂದೇ ಅಲ್ಲವೆಂದು ಆಮೇಲೆ ತಿಳಿಯಿತು. ಇ. ಕೋಲೈನಲ್ಲಿ 7 ಬಗೆ: ಶಾಖ ಹೆಚ್ಚಿದರೆ ಒಂದು, ಹಸಿವಾದರೆ ಇನ್ನೊಂದು, ಹೀಗೆ. ಕ್ಷಯದ ಬ್ಯಾಕ್ಟೀರಿಯಾದಲ್ಲಿ 13. ಶ್ವಾಸಕೋಶದಲ್ಲಿ ಆಮ್ಲಜನಕ, ಆಹಾರ ಕಡಿಮೆಯಾದಾಗ ಅದು ತನ್ನ ಸಿಗ್ಮಾಗಳನ್ನು ಬದಲಿಸಿಕೊಂಡು, ಕೆಲಸ ತಗ್ಗಿಸಿ ಮಲಗಿಬಿಡಬಲ್ಲದು. ರಿಫಾಂಪಿಸಿನ್ ಪಾಲಿಮರೇಸಿನೊಳಗೆ ಕುಳಿತು, ಎರಡು ಮೂರು ಅಕ್ಷರ ಬರೆಯುವಷ್ಟರಲ್ಲಿ ಹೊಸ ಆರ್‌ಎನ್‌ಎಯ ದಾರಿಗೆ ಅಡ್ಡ ನಿಲ್ಲುತ್ತದೆ. ಆದರೆ ಗುಮಾಸ್ತ ಬರೆಯದೆ ನಿದ್ದೆ ಮಾಡುತ್ತಿದ್ದರೆ ಅಡ್ಡ ನಿಂತು ಏನು ಪ್ರಯೋಜನ? ಅವನು ಆಗಾಗ ಎಚ್ಚರವಾಗುವವರೆಗೆ ಔಷಧ ಕಾಯಬೇಕು. ಅದಕ್ಕೇ ತಿಂಗಳುಗಟ್ಟಲೆ ಮಾತ್ರೆ.

ನನ್ನ ರೋಗಿಯೊಬ್ಬರು ಎರಡು ತಿಂಗಳಿಗೆ ಕೆಮ್ಮು ನಿಂತು, ಮೈ ಕೈ ತುಂಬಿಕೊಂಡು, ಮಾತ್ರೆ ಬಿಟ್ಟುಬಿಟ್ಟರು. ವರ್ಷದೊಳಗೆ ರಕ್ತ ಕಾರಿಕೊಂಡು ಮತ್ತೆ ವಾರ್ಡಿಗೆ ಬಂದರು. ನಾನು ಚೆನ್ನಾಗಿ ಬೈದೆ. ತಲೆ ತಗ್ಗಿಸಿ ಕೇಳಿಸಿಕೊಂಡರು. ಅಷ್ಟು ತಿಂಗಳು ಏಕೆ ನುಂಗಬೇಕೆಂದು ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಕೇಳಿದ್ದರೂ ಆಗ ನನ್ನ ಹತ್ತಿರ ಉತ್ತರವಿರಲಿಲ್ಲ.